ಮದುವೆ ನಿಲ್ಲಿಸುವ ಮೋನಮ್ಮನ ಉಂಡಿ

ಶಹಾಪುರ
12 ಆಗಸ್ಟ್ 2023, ಶನಿವಾರ

ಪ್ರೀತಿಯ ಅಮೃತಾ,

ನಿನ್ನ ಮೋನಮ್ಮ ಅತ್ತೆಯ ಆಶೀರ್ವಾದಗಳು. ನಾನೂ ನಿಮ್ಮ ಮಾವನೂ ಗಟ್ಟಿಮುಟ್ಟಾಗಿದ್ದೇವೆ. ನೀನು ಯಾದಗಿರಿಯ ಹಾಸ್ಟೆಲ್ ಊಟ ತಿಂದೂ ಚೆನ್ನಾಗಿದ್ದೀ ಎಂದುಕೊಂಡಿದ್ದೇನೆ. ನೀನು ಆರ್ಡರ್ ಹಾಕಿದ ಎಳ್ಳುಂಡಿ ಎರಡು ವಾರ ತಡವಾಯಿತು, ಸಿಟ್ಟಾಗಬೇಡ. ಉಂಡಿ ಮರುದಿನವೇ ತಯಾರಾಗಿತ್ತು. ಅದರ ಜೊತೆ ಇಡಬೇಕಾದ ಉತ್ತರ ತಯಾರಾಗಿರಲಿಲ್ಲ. ಆ ಉಂಡಿಯನ್ನು ನಿಮ್ಮ ಮಾವ ತಿಂದು ಮುಗಿಸಿದರು. ಇದು ಹೊಸದಾಗಿ ಕಟ್ಟಿದ್ದು.

ನಮ್ಮ ಫೋನ್ ಅಂಗಡಿಯ ಆರ್ಡರಿನ ಕೆಳಗೆ 'ವಿಶೇಷ ಸೂಚನೆ' ಎಂಬ ಖಾನೆ ಇದೆಯಲ್ಲ, ಜನ ಅಲ್ಲಿ ಬೆಲ್ಲ ಕಡಿಮೆ ಹಾಕಿ, ಏಲಕ್ಕಿ ಬೇಡ ಎಂದು ಬರೆಯುತ್ತಾರೆ. ನೀನು ಬರೆದದ್ದು ಹೀಗಿತ್ತು: "ಅತ್ತಿ, ಅಂಗಡಿ ಹೆಸರು ಮಲ್ಲಾಬಾಯಿದು ಇದ್ರೂ ವಿಡಿಯೋದಾಗ ಕಾಣೋದು ನಿನ್ನ ಮನಿ ಕಟ್ಟಿ, ಗುರ್ತು ಹಿಡದೀನಿ. ನೌಕರಿ ಬಿಟ್ಟೀಯಂತ. ಇನ್ನ ಯಾವ ಕಾನೂನು ಅಡ್ಡ ಬರ್ತದ? ನನ್ನ ಮದುವಿ ನಿಲ್ಲಸ್ರಿ ಅಂತ ಫೋನ್ ಮಾಡಿದಾಕಿ ನಾನೇ ಅಂತ ಅಪ್ಪಗ ಹೇಳ್ಲೇನು?" ಪುಣ್ಯಕ್ಕೆ ಅವತ್ತು ಆರ್ಡರ್ ನೋಡಿದವಳು ನನ್ನ ಜೊತೆ ಉಂಡಿ ಕಟ್ಟುವ ಮಲ್ಲಾಬಾಯಿ ಅಲ್ಲ, ನಾನು.

ಫೋನಿನಲ್ಲಿಯೇ ಉತ್ತರ ಕೊಡಬಹುದಿತ್ತು. ಆದರೆ ನೀನು ರಜೆಗೆ ಸಗರಕ್ಕೆ, ಅಪ್ಪನ ಮನೆಗೆ ಹೋದಾಗ ನಿನ್ನ ಫೋನು ಯಾರ ಕೈಯಲ್ಲಿ ಇರುತ್ತದೋ ನನಗೆ ಗೊತ್ತಿಲ್ಲ. ಅದಕ್ಕೇ ಡಬ್ಬಿಯ ತಳದಲ್ಲಿ ಈ ಕಾಗದ ಇಟ್ಟಿದ್ದೇನೆ. ಓದಿ ಹರಿದು ಹಾಕು. ಉಂಡಿಯನ್ನು ಮಾತ್ರ ಗೆಳತಿಯರಿಗೂ ಕೊಟ್ಟು ತಿನ್ನು.

ನಾಲ್ಕು ವರ್ಷದ ಹಿಂದಿನ ಮಾತು ಅದು. ನಿನಗೆ ಆಗ ಹದಿನೈದು. ಹುಡುಗ ದೇವಾಪುರದವನು, ಮನೆತನಕ್ಕೆ ಕಾಲುವೆ ಕೆಳಗೆ ಗದ್ದೆ ಇತ್ತು, ನಿಮ್ಮಪ್ಪನಿಗೆ ಬೇರೆ ಏನೂ ಕೇಳಬೇಕೆನಿಸಲಿಲ್ಲ. ಕಾಲುವೆಗೆ ನೀರು ಬಂದ್ ಆಗಿ ಭತ್ತದ ರಾಶಿ ಮುಗಿದ ಮೇಲೆ ಎಂದು ಮದುವೆಗೆ ದಿನ ಹಿಡಿದ. ನೀನು ನಮ್ಮ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಾಗ ಎತ್ತಿದವಳು ನಾನಲ್ಲ, ಪಾಳಿಯಲ್ಲಿದ್ದ ಇನ್ನೊಬ್ಬಳು. ಅವಳು ವಿಳಾಸ ಬರೆದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ಸಗರ, ನನ್ನ ಅಣ್ಣ ಚಂದ್ರಾಮಪ್ಪನ ಮನೆ. ನಾನು ಹುಟ್ಟಿದ ಮನೆ. ಬೇರೆಯವರನ್ನು ಕಳಿಸೋಣವೆಂದರೆ ಮದುವೆಯ ಸೀಜನ್ನು, ಎಲ್ಲರೂ ಒಂದೊಂದು ಹಂದರದ ಕೆಳಗೆ ನಿಂತಿದ್ದರು. ಪೊಲೀಸರ ಜೊತೆ ನಾನೇ ಜೀಪು ಹತ್ತಿ ಬಂದೆ.

ನಿಮ್ಮಪ್ಪ ಕೇಳಿದ್ದು ಒಂದೇ ಮಾತು. "ಯಾರು ಹೇಳ್ಯಾರ ನಿಮಗ?" ಫೋನ್ ಮಾಡಿದವರ ಹೆಸರನ್ನು ಹೇಳುವಂತಿಲ್ಲ ಎಂದೆ. "ಹಂಗಾರ ನೀನೇ. ಒಡಹುಟ್ಟಿದಾಕಿ ಅಂತ ಕರದ್ರ ಪೊಲೀಸರನ್ನ ಕರಕೊಂಡು ಬಂದಿ" ಎಂದ. ನೀನು ಒಳಗೆ ಅರಿಷಿಣ ಹಚ್ಚಿಕೊಂಡು ಕೂತಿದ್ದೆ, ತಲೆ ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಅವತ್ತಿನಿಂದ ಅವನು ನನ್ನ ಫೋನ್ ಎತ್ತಿಲ್ಲ, ನಾಗರ ಪಂಚಮಿಗೆ ತವರಿಗೆ ಕರೆಯಲು ಬಂದಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ವರದಿ ಬರೆದು ಬರೆದು ನನಗೆ ಎಲ್ಲವನ್ನೂ ಮೊದಲಿನಿಂದ ಹೇಳುವ ಚಟ ಹತ್ತಿದೆ.

ನೌಕರಿ ಯಾಕೆ ಬಿಟ್ಟೆ ಎಂದು ಊರೆಲ್ಲ ಕೇಳಿತು, ನೀನು ಕೇಳಲಿಲ್ಲ. ಬಿಪಿ ಎಂದು ಕೆಲವರಿಗೆ ಹೇಳಿದೆ, ಮಂಡಿನೋವು ಎಂದು ಕೆಲವರಿಗೆ. ಎರಡೂ ಇದ್ದವು. ಫೋನು ರಿಂಗಾದರೆ ಕುತ್ತಿಗೆಯ ಮೇಲೆ ದದ್ದು ಏಳುತ್ತಿತ್ತು. ಬಚ್ಚಲಿಗೆ ಹೋದರೂ ಫೋನು ಜೊತೆಯಲ್ಲೇ ಬರುತ್ತಿತ್ತು. ಅದಕ್ಕೆಲ್ಲ ಒಗ್ಗಿಕೊಂಡಿದ್ದೆ. ಬಿಡಿಸಿದ್ದು ಒಂದು ಲೋಟ ಚಹಾ.

ಹೋದ ವರ್ಷ ಏಪ್ರಿಲಿನಲ್ಲಿ ವಡಗೇರಾ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಹುಡುಗಿಗೆ ಹದಿನಾಲ್ಕೂ ತುಂಬಿರಲಿಲ್ಲ. ಅವಳ ಅಪ್ಪ ಬೈಯಲಿಲ್ಲ, ಜಗಳಕ್ಕೆ ಬರಲಿಲ್ಲ. "ಬರ್ರಿ ಅಕ್ಕೋರ, ನೀವು ಬಂದೇ ಬರ್ತೀರಂತ ಗೊತ್ತಿತ್ರಿ. ಸ್ವಂತ ಅಣ್ಣನ ಮನೀದೇ ಬಿಟ್ಟಿಲ್ಲ, ನಮ್ಮದು ಬಿಡ್ತೀರೇನು? ಮದ್ಲ ಚಾ ಕುಡೀರಿ" ಎಂದು ಚಾಪೆ ಹಾಸಿದ. ಮದುವೆ ಮಾಡುವುದಿಲ್ಲವೆಂಬ ಮುಚ್ಚಳಿಕೆ ಬರೆಸಿಕೊಳ್ಳುತ್ತಾ ಚಹಾ ಕುಡಿದೆ. ಮೂಲೆಯಲ್ಲಿ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಚಹಾ ಚೆನ್ನಾಗಿದೆ, ಶುಂಠಿ ಹಾಕಿದ್ದಾರೆ ಎಂದು ನನ್ನ ಮನಸ್ಸಿಗೆ ಬಂತು.

ವಾಪಸು ಬರುವಾಗ ಜೀಪಿನಲ್ಲಿ ಆ ಹುಡುಗಿಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಶುಂಠಿಯ ರುಚಿ ಮಾತ್ರ ಬಾಯಲ್ಲಿತ್ತು. ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು. ಪಕ್ಕದಲ್ಲಿ ಮಗು ಅಳುವುದು ಕೇಳಿಸದವಳು ಆ ಕೆಲಸದಲ್ಲಿ ಇರಬಾರದು. ತಿಂಗಳು ಮುಗಿಯುವುದರೊಳಗೆ ರಾಜೀನಾಮೆ ಕೊಟ್ಟೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು, ಆ ಬಿಸಿಲಲ್ಲಿ ಶಾಲು.

ಆಮೇಲೆ ಎರಡು ತಿಂಗಳು ಬರೀ ಮಲಗಿದೆ. ನಿಮ್ಮ ಮಾವ ಸುರಪುರದ ಶಾಲೆ ಮುಗಿಸಿ ಸಂಜೆಯ ಬಸ್ಸಿಗೆ ಬಂದು ತಾವೇ ಒಲೆ ಹಚ್ಚುತ್ತಿದ್ದರು. ನನ್ನನ್ನು ಎಬ್ಬಿಸಿದವಳು ಎದುರುಮನೆಯ ಮಲ್ಲಾಬಾಯಿ. ಮದುವೆ ಮನೆಗಳಿಗೆ ಅಡಿಗೆಗೆ ಹೋಗುವವಳು. ಒಂದು ದಿನ ಬಂದು ನನ್ನ ಹಾಸಿಗೆಯ ಹತ್ತಿರವೇ ಕೂತಳು. "ನೀವು ನಿಲ್ಲಿಸಿದ ಒಂದು ಮದುವಿಯಾಗ ನನ್ನ ಬುಟ್ಟಿ ಬೂಂದಿ ಹಂಗೇ ಉಳದಿತ್ರಿ ಅಕ್ಕೋರ. ಕೂಲಿನೂ ಬರಲಿಲ್ಲ. ಆ ಲುಕ್ಸಾನ ತುಂಬಿ ಕೊಡಬೇಕಂದ್ರ ನನ್ನ ಜೋಡಿ ಕೆಲಸಕ್ಕ ಬರ್ರಿ" ಎಂದಳು. ಅವಳು ಉಂಡಿ ಕಟ್ಟುವುದು, ನಾನು ಫೋಟೋ ತೆಗೆದು ಫೋನಿನಲ್ಲಿ ಅಂಗಡಿ ತೆರೆಯುವುದು. ಶೇಂಗಾ, ಎಳ್ಳು, ರವೆ, ತಂಬಿಟ್ಟು. ಪಂಚಮಿ ಹತ್ತಿರವೇ ಇತ್ತು.

ಮೊದಲು ನನ್ನ ಹೆಸರಿನಲ್ಲೇ ತೆರೆದಿದ್ದೆ. ಮೊದಲ ಕಮೆಂಟು ಹೀಗಿತ್ತು: "ಮದುವಿ ನಿಲ್ಲಸೋ ಮೋನಮ್ಮನ ಉಂಡಿ ಯಾರು ತಿಂತಾರ? ಆಕಿ ಹೋದಲ್ಲಿ ಪಾಕನೂ ಗಟ್ಟಿ ಆಗಂಗಿಲ್ಲ." ಅದರ ಕೆಳಗೆ ನಗುವ ಮುಖಗಳ ಸಾಲು. ನನಗೂ ನಗು ಬಂತು, ಬರೆದವನಿಗೆ ಪಾಕದ ಬಗ್ಗೆ ಗೊತ್ತಿತ್ತು. ಆದರೆ ಆ ವಾರ ಒಂದೂ ಆರ್ಡರ್ ಇಲ್ಲ. ಅಣ್ಣ ತಂಗಿಗೆ ಕಳಿಸುವ ಹಬ್ಬದ ಸಿಹಿ, ಅದಕ್ಕೆ ನನ್ನ ಹೆಸರು ಬೇಡವೆಂದರೆ ಯಾರನ್ನು ಬೈಯಲಿ? ಅಂಗಡಿಗೆ 'ಮಲ್ಲಾಬಾಯಿ ಉಂಡಿ' ಎಂದು ಹೆಸರಿಟ್ಟೆವು. ಅವಳ ನಗುವ ಫೋಟೋ, ಅವಳ ಫೋನ್ ನಂಬರು. ನಾನು ಕ್ಯಾಮೆರಾದ ಹಿಂದೆ ಹೋದೆ. ಅಂಗಡಿ ಓಡಿತು.

ಮೊದಮೊದಲು ಉಂಡಿ ದಾರಿಯಲ್ಲೇ ಪುಡಿಯಾಗುತ್ತಿದ್ದವು. ಪುಣೆಯವರೊಬ್ಬರು ಒಂದೇ ನಕ್ಷತ್ರ ಕೊಟ್ಟು "ಉಂಡಿ ಕೇಳಿದ್ದೆ, ಹಿಟ್ಟು ಬಂದಿದೆ" ಎಂದು ಬರೆದರು. ಮಲ್ಲಾಬಾಯಿ ಎರಡು ದಿನ ಊಟ ಬಿಟ್ಟಳು. ಆಮೇಲೆ ಅವಳೇ ಜೋಳ ಹುರಿದು ಅರಳಿಸಿ, ಆ ಅಳ್ಳನ್ನು ಉಂಡಿಗಳ ನಡುವೆ ತುಂಬಿದಳು. ಈಗ ಒಂದೂ ಒಡೆಯುವುದಿಲ್ಲ, ಜನ ಅಳ್ಳನ್ನೂ ತಿಂದು ಹೊಗಳುತ್ತಾರೆ. ನನ್ನ ಹಿಂದಿನ ಕೆಲಸದಲ್ಲಿ ನಕ್ಷತ್ರ ಕೊಡುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ ನಿಮ್ಮಪ್ಪ ಒಂದನ್ನೂ ಕೊಡುತ್ತಿರಲಿಲ್ಲ.

ದುಡಿಮೆ ಚೆನ್ನಾಗಿದೆ. ಹೈದರಾಬಾದು, ಮುಂಬೈ ಎಂದು ಕೆಲಸಕ್ಕೆ ಹೋದವರಿಗೆ ಪಂಚಮಿಗೆ ತಂಗಿಯನ್ನು ಕರೆಯಲು ಊರಿಗೆ ಬರಲಾಗುವುದಿಲ್ಲ, ಬದಲಿಗೆ ಡಬ್ಬಿ ಕಳಿಸುತ್ತಾರೆ. ನಮ್ಮ ಅಂಗಡಿ ನಡೆಯುವುದೇ ಬರಲಾಗದ ಅಣ್ಣಂದಿರಿಂದ. ರಾತ್ರಿ ನಿದ್ದೆ ಬರುತ್ತದೆ. ಕುತ್ತಿಗೆಯ ದದ್ದು ಹೋಗಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಪ್ಪನಿಗೆ ಹೇಳಬೇಡ.

ನೌಕರಿ ಬಿಟ್ಟೆನೆಂದು ಅಲ್ಲಿ ಕೊಟ್ಟ ಮಾತು ಬಿಟ್ಟುಹೋಗುವುದಿಲ್ಲ. ಅಲ್ಲಿದ್ದಾಗ ಎಷ್ಟೋ ಮಕ್ಕಳಿಗೆ ನಿಮ್ಮ ಹೆಸರು ಹೊರಗೆ ಬರುವುದಿಲ್ಲ ಎಂದು ಹೇಳಿದ್ದೇನೆ. ನಿನಗೊಂದು, ಅವರಿಗೊಂದು ಆಗಬಾರದು. ಇನ್ನೊಂದು ಸಂಗತಿ ಇದೆ. ನಿಮ್ಮಪ್ಪ ಕಟ್ಟೆಯ ಮೇಲೆ ಕೂತು, ನನ್ನ ಮಗಳು ಯಾದಗಿರಿಯಲ್ಲಿ ಡಿಗ್ರಿ ಓದುತ್ತಾಳೆ ಎಂದು ಹೇಳಿಕೊಳ್ಳುತ್ತಾನಂತೆ. ಸೊಲ್ಲಾಪುರದಿಂದ ನಿಮ್ಮ ಬಾಲಮ್ಮ ಅತ್ತೆ ಫೋನ್ ಮಾಡಿದಾಗ ಹೇಳಿದಳು. ನಿನ್ನನ್ನು ಹಾಗೆ ಹೊಗಳಲು ಅವನಿಗೆ ಬೈಯಲು ಒಬ್ಬಳು ಬೇಕು, ಅದು ನಾನಾಗಿದ್ದೇನೆ. ನಿಜ ಗೊತ್ತಾದರೆ ಆ ಸಿಟ್ಟು ನಿನ್ನ ಮೇಲೆ ತಿರುಗುತ್ತದೆ. ಓದು ಬಿಡಿಸಿ ಮನೆಯಲ್ಲಿ ಕೂಡಿಸಿದರೂ ಕೂಡಿಸಿದನೇ. ಇನ್ನೊಂದು ವರ್ಷ ಉಳಿದಿದೆ, ಮುಗಿಸಿಕೋ.

ನನ್ನ ಚಿಂತೆ ಬೇಡ. ನಾಲ್ಕು ಪಂಚಮಿ ಕಳೆದವು, ರೂಢಿಯಾಗಿದೆ. ಈಗಂತೂ ಹಬ್ಬದ ಹೊತ್ತಿಗೇ ಕೆಲಸ ಹೆಚ್ಚು, ಕರೆದಿದ್ದರೂ ಹೋಗಲು ಪುರಸೊತ್ತು ಸಿಗುತ್ತಿರಲಿಲ್ಲ. ಜೋಕಾಲಿ ಆಡುವ ವಯಸ್ಸೂ ನನ್ನದಲ್ಲ.

ಚೆನ್ನಾಗಿ ಓದು, ಮಗಳೇ. ಕಣ್ಣಿಗೆ ನಂಬರ್ ಬಂದಿದೆ ಎಂದು ಕೇಳಿದೆ, ಕನ್ನಡಕ ಹಾಕಿಕೊಳ್ಳಲು ನಾಚಬೇಡ. ಕಾಲುವೆಯ ನೀರಿನಂತೆ ನಿನ್ನ ಬಾಳು ತುಂಬಿ ಹರಿಯಲಿ, ಯಾರೂ ಬಂದ್ ಮಾಡದಿರಲಿ.

ನಿನ್ನ ಒಳ್ಳೆಯದನ್ನೇ ಬಯಸುವ,
ಮೋನಮ್ಮ ಅತ್ತೆ

ತಾ.ಕ. ಇವತ್ತು ಸೋಮವಾರ. ಶನಿವಾರ ಕೊರಿಯರ್ ಗಾಡಿ ಬರಲಿಲ್ಲ, ನಿನ್ನ ಡಬ್ಬಿ ಇನ್ನೂ ಇಲ್ಲೇ ಇದೆ. ಅದಕ್ಕೇ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮಲ್ಲಾಬಾಯಿಗೆ ಒಂದು ಫೋನ್ ಬಂತು. ಇಬ್ಬರ ಕೈಗೂ ಪಾಕ ಮೆತ್ತಿತ್ತು. ಅವಳು ಮೊಣಕೈಯಿಂದ ಸ್ಪೀಕರ್ ಒತ್ತಿ ಫೋನನ್ನು ನೆಲದ ಮೇಲೆಯೇ ಬಿಟ್ಟಳು. "ಸೊಲ್ಲಾಪುರಕ್ಕ ಉಂಡಿ ಕಳಸಬೇಕಾಗಿತ್ರಿ, ನಮ್ಮ ತಂಗಿಗೆ. ಬಾಲಮ್ಮ ಅಂತ ಬರಕೋರಿ" ಎಂದಿತು ಆ ಕಡೆಯ ದನಿ. ನಿಮ್ಮಪ್ಪನದು. ನಾಲ್ಕು ವರ್ಷದ ಮೇಲೆ ಕೇಳಿದೆ. ಮಾತಿನ ನಡುವೆ ಕೆಮ್ಮುತ್ತಾನೆ, ತೋರಿಸಿಕೊಳ್ಳಲು ಹೇಳು.

ಮಲ್ಲಾಬಾಯಿಗೆ ಅವನ ದನಿ ಗೊತ್ತಿಲ್ಲ. ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು. "ಎಷ್ಟು ಮಂದಿ ತಂಗ್ಯಾರ್ರಿ ಅಣ್ಣಾವ್ರ? ಎರಡು ಡಬ್ಬಿ ತಗೊಂಡ್ರ ಕಮ್ಮಿ ಮಾಡಿ ಕೊಡ್ತೀವಿ."

ಅವನು ತಡವರಿಸಲೂ ಇಲ್ಲ. "ಒಬ್ಬಾಕೇ ಅದಾಳ್ರಿ" ಎಂದ.

ಇಷ್ಟು ದಿನ ಅಣ್ಣನಿಗೆ ನನ್ನ ಮೇಲೆ ಸಿಟ್ಟಿದೆ ಎಂದುಕೊಂಡಿದ್ದೆ. ಸಿಟ್ಟು ಇದ್ದರೆ ಒಂದು ದಿನ ಇಳಿಯುತ್ತದೆ ಎಂದು ಕಾಯಬಹುದಿತ್ತು. ಅವನ ಲೆಕ್ಕದಲ್ಲಿ ನಾನೇ ಇಲ್ಲ. ಮಲ್ಲಾಬಾಯಿ ಫೋನ್ ಇಟ್ಟು, "ಪಾಪ, ಒಬ್ಬಾಕೇ ತಂಗಿ ಅಂತ, ಛಲೋತ್ನಾಗ ಕಟ್ರಿ ಅಕ್ಕೋರ" ಎಂದಳು. ಬಾಲಮ್ಮನಿಗೆ ಶೇಂಗಾ ಉಂಡಿ ಸೇರುತ್ತದೆ, ಎರಡು ಹೆಚ್ಚಿಗೆ ಹಾಕಿ ನಾನೇ ಕಟ್ಟಿದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅಮೃತಾ, ಹೇಳಬೇಡ ಎಂದು ಬರೆದಿದ್ದೆನಲ್ಲ, ಹೇಳು. ಓದು ಬಿಡಿಸಿದರೆ ನಮ್ಮ ಮನೆಗೆ ಬಂದುಬಿಡು, ನಾನು ಓದಿಸುತ್ತೇನೆ. ಪಂಚಮಿಗೆ ಇನ್ನೂ ಒಂದು ವಾರ ಇದೆ. ನನಗೆ ತವರಿಗೆ ಹೋಗಬೇಕು.