ನಡುಗುವುದಕ್ಕೆ ಹೋಗಿದ್ದೆ

ಭಾನುವಾರ, ಮಾರ್ಚ್ ೧೨

ಪ್ರೀತಿಯ ಪುಟ್ಟಿ,

ನೀನೂ ಅಳಿಯಂದಿರೂ ಪಾಪುವೂ ಚೆನ್ನಾಗಿದ್ದೀರೆಂದು ನಿನ್ನಮ್ಮನಿಂದ ತಿಳಿಯುತ್ತಲೇ ಇದೆ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ನಿನಗೆ ಯಾವಾಗಲೂ ಏನೋ ಕೆಲಸ ಬಂದಿರುತ್ತದೆ. ಅದಕ್ಕೆ ನನಗೆ ಬೇಜಾರಿಲ್ಲ. ಕಾಗದ ಬರೆಯುತ್ತೇನೆ ಬರೆಯುತ್ತೇನೆ ಎನ್ನುತ್ತಲೇ ತಿಂಗಳುಗಟ್ಟಲೆ ತಳ್ಳಿದ್ದಕ್ಕೆ ಕ್ಷಮಿಸು. ಅಕ್ಷರ ನೋಡಿ ಗಾಬರಿಯಾಗಬೇಡ. ಕೋಳಿ ಕೆದಕಿದ ಹಾಗಿದ್ದರೂ ನನ್ನದೇ. "ನೀವು ಹೇಳಿ, ನಾನು ಬರೀತೀನಿ" ಅಂದಳು ನಿನ್ನಮ್ಮ. ಬೇಡವೆಂದೆ.

ನನಗೆ ಪಾರ್ಕಿನ್ಸನ್ ಕಾಯಿಲೆ ಇದೆ, ಮಗಳೇ. ನೇರವಾಗಿ ಬರೆದುಬಿಟ್ಟೆ, ಇಲ್ಲದಿದ್ದರೆ ಈ ಹಾಳೆಯೂ ಕಸದ ಬುಟ್ಟಿ ಸೇರುತ್ತಿತ್ತು. ಮೊದಲು ಬಲಗೈಯ ನಡುಕ ಶುರುವಾಯಿತು, ಆಮೇಲೆ ಎಡಗೈಯದು, ಈಗ ಗದ್ದವೂ ತಲೆಯೂ ಸುಮ್ಮನಿರುವುದಿಲ್ಲ. ಕನ್ನಡಕದ ಅಂಗಡಿಯನ್ನು ಸಹಾಯಕನಿಗೆ ವಹಿಸಿದ್ದು ನಿನಗೆ ಹೇಳಿದ ಹಾಗೆ ಕಣ್ಣು ಮಂಜಾಗಿ ಅಲ್ಲ. ಫ್ರೇಮಿನ ಸ್ಕ್ರೂ ಬಿಗಿ ಮಾಡಲು ಹೋಗಿ ಗಿರಾಕಿಯೊಬ್ಬರ ಗಾಜಿನ ಮೇಲೆ ಉದ್ದಕ್ಕೆ ಗೀರು ಎಳೆದಿದ್ದೆ. ಅವರು ನನ್ನ ಕೈ ನೋಡಿ, "ಪರವಾಗಿಲ್ಲ ಬಿಡಿ, ಪಾಪ" ಅಂದರು. ಆ "ಪಾಪ" ನನಗೆ ತಡೆಯಲಾಗಲಿಲ್ಲ. ಯಾರಿಗೂ, ನಿನಗೂ, ಹೇಳಕೂಡದೆಂದು ನಿನ್ನಮ್ಮನಿಂದ ಆಣೆ ಹಾಕಿಸಿಕೊಂಡೆ. ಅಂದಿನಿಂದ ನಾಲ್ಕು ಜನರೆದುರು ಒಂದು ಲೋಟ ನೀರು ಎತ್ತಿ ಕುಡಿದಿಲ್ಲ.

ಇನ್ನು ಸುದ್ದಿ. ಹೋದ ತಿಂಗಳು ನರರೋಗದ ಡಾಕ್ಟರು ಕೇಳಿದರು: "ಎಂಆರ್‌ಐ ಸ್ಕ್ಯಾನ್ ಮಾಡೋಕೆ ಒಂದು ಹೊಸ ವಿಧಾನ ಕಂಡುಹಿಡೀತಿದ್ದಾರೆ. ಅದಕ್ಕೆ ಜನ ಬೇಕಂತೆ. ಹೋಗ್ತೀರಾ? ನಿಮ್ಮ ಕಾಯಿಲೆಗೇನೂ ಇದರಿಂದ ಲಾಭ ಇಲ್ಲ, ಮೊದಲೇ ಹೇಳ್ತೀನಿ." ಮಾಮೂಲಿ ಸ್ಕ್ಯಾನಿನಲ್ಲಿ ತಲೆ ಚೂರು ಅಲುಗಿದರೂ ಚಿತ್ರ ಕಲಸಿಹೋಗುತ್ತದಂತೆ. ಅದಕ್ಕೇ ನನ್ನಂಥವರಿಗೂ ಚಿಕ್ಕ ಮಕ್ಕಳಿಗೂ ಎಷ್ಟೋ ಸಲ ಮಂಪರು ಬರಿಸಬೇಕಾಗುತ್ತದೆ. ಅಲುಗುತ್ತಿದ್ದರೂ ಚಿತ್ರ ಸ್ಪಷ್ಟವಾಗಿ ಬರುವಂತೆ ಮಾಡುವುದು ಇವರ ಪ್ರಯತ್ನ. ನಾನು ಒಪ್ಪಿಕೊಂಡೆ. ಅಲ್ಲಿ ಗುರುತಿನವರು ಯಾರೂ ಇರುವುದಿಲ್ಲ ಎನ್ನುವುದೇ ನನಗೆ ಸಾಕಾಗಿತ್ತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ ಆ ಯಂತ್ರ. ಸಂಶೋಧನೆಯ ಹುಡುಗಿ ನಿನ್ನ ವಯಸ್ಸಿನವಳು. ಗಡಿಯಾರ, ಬೆಲ್ಟು, ಉಂಗುರ ಎಲ್ಲ ತೆಗೆಸಿದಳು. ಅವರು ಕೊಟ್ಟ ನಿಲುವಂಗಿ ಹಾಕಿಕೊಳ್ಳುವಾಗ ನನ್ನ ಅಂಗಿಯ ಜೇಬಿನಿಂದ ಕನ್ನಡಕದ ಸ್ಕ್ರೂ ಒಂದು ಉದುರಿತು. (ಮನೆಗೆ ಬಂದು ಹೇಳಿದರೆ ನಿನ್ನಮ್ಮ, "ಒಂದು ಸ್ಕ್ರೂ ಲೂಸು ಅಂತ ಮದುವೆಯಾದಾಗಿಂದ ಹೇಳ್ತಾನೇ ಇದೀನಲ್ಲ!" ಅಂದಳು.) ಆಮೇಲೆ ಆ ಹುಡುಗಿ ನನ್ನ ಮೂಗಿನ ಮೇಲೆ ಒಂದು ಪುಟ್ಟ ಗುರುತು ಅಂಟಿಸಿದಳು. ಒಳಗಿರುವ ಕ್ಯಾಮೆರಾ ಅದನ್ನೇ ನೋಡುತ್ತ, ತಲೆ ಎತ್ತ ಸರಿದರೆ ಯಂತ್ರದ ಲೆಕ್ಕವನ್ನೂ ಅತ್ತ ಸರಿಸುತ್ತದಂತೆ. ಸಾಕೆನಿಸಿದರೆ ಹಿಸುಕಲು ಕೈಗೊಂದು ರಬ್ಬರ್ ಚೆಂಡು.

ಒಳಗೆ ಹೋದ ಮೇಲೆ ನಾನು ಏನು ಮಾಡಿದೆ ಗೊತ್ತೇ? ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಕೊರಡಿನಂತೆ ಮಲಗಿದೆ. ಸುತ್ತ ತಗಡು ಬಡಿದಂಥ ಸದ್ದು. ಅದು ನಿಂತಾಗ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಅವಳ ದನಿ ಬಂತು.

"ಅಂಕಲ್, ಯಾಕೆ ಹಂಗೆ ಬಿಗಿಹಿಡ್ಕೊಂಡಿದ್ದೀರಾ?"

"ಇಲ್ಲಮ್ಮ, ನಾನು ಯಾವಾಗ್ಲೂ ಹೀಗೇನೇ."

"ನಡುಕ ಬಂದ್ರೆ ಬರ್ಲಿ ಬಿಡಿ. ನಿಮ್ಮನ್ನ ಕರೆದಿರೋದೇ ಅದಕ್ಕಲ್ವಾ?"

ಅವಳು ನಗುತ್ತಲೇ ಹೇಳಿದ್ದು. ಆದರೆ ಕೋಣೆಯ ಗಾಜಿನ ಕಿಟಕಿಯಾಚೆ ಅವಳ ಜೊತೆ ಇನ್ನಿಬ್ಬರು ಕೂತು ನನ್ನನ್ನೇ ನೋಡುತ್ತಿದ್ದಾರೆಂಬುದು ನೆನಪಾಗಿ ಮೈಯೆಲ್ಲ ಬಿಸಿಯಾಯಿತು. ಚೆಂಡು ಹಿಸುಕಿಬಿಟ್ಟೆ. ಹೊರಗೆ ಬಂದು, ಬಟ್ಟೆ ಬದಲಿಸುವ ಕೋಣೆ ಸೇರಿ ಚಿಲಕ ಹಾಕಿಕೊಂಡೆ. ಅಂಗಿಯ ಗುಂಡಿ ಹಾಕಲು ಹೋದರೆ ಒಂದೂ ತೂತಿಗೆ ಸೇರಲೊಲ್ಲದು.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲಾಚೆಯಿಂದ ಅವಳು ಮಾತಾಡಿದಳು. "ಅಂಕಲ್, ಹೋಗ್ಬೇಕು ಅನ್ಸಿದ್ರೆ ಹೋಗಿ. ಕಾರಣ ಕೂಡ ಹೇಳ್ಬೇಕಾಗಿಲ್ಲ. ಒಂದೇ ಮಾತು. ಇಷ್ಟು ದಿನ ನಾವೇ ಒಳಗೆ ಮಲಗಿ, ಬೇಕಂತ ತಲೆ ಅಲ್ಲಾಡಿಸಿ ನೋಡಿದ್ವಿ. ಕತ್ತು ನೋವು ಬಂತೇ ಹೊರತು ಅದು ನಡುಕ ಆಗ್ಲಿಲ್ಲ. ನಿಮಗೆ ಬರೋದು ನಮಗೆ ಬರಲ್ಲ ಅಂಕಲ್."

ಏನೋ ದೊಡ್ಡ ವಿದ್ಯೆ ಕಲಿತವನಿಗೆ ಹೇಳುವ ಹಾಗೆ ಹೇಳಿದಳು. ನನಗೆ ನಗು ಬಂದುಬಿಟ್ಟಿತು. ಚಿಲಕ ತೆಗೆದೆ. ಗುಂಡಿ ಹಾಕದೆ ಬಾಯಿಬಿಟ್ಟ ಅಂಗಿ, ಕುಣಿಯುವ ಗದ್ದ, ಎಲ್ಲ ಅವಳ ಕಣ್ಣಿಗೆ ಬಿತ್ತು. ಅವಳು ಮುಖ ತಿರುಗಿಸಲಿಲ್ಲ, "ಪಾಪ" ಅನ್ನಲೂ ಇಲ್ಲ.

ಎರಡನೆಯ ಸಲ ಎಲ್ಲ ಬಿಟ್ಟುಬಿಟ್ಟೆ. ತಲೆ, ಗದ್ದ, ಕೈ ತಮ್ಮ ಪಾಡಿಗೆ ನಡುಗಿದವು. ಇಷ್ಟು ಕಾಲ ಹಿಡಿದಿಟ್ಟುಕೊಂಡು ಎಷ್ಟು ದಣಿದಿದ್ದೆನೆಂದು ನನಗೆ ಗೊತ್ತಾದದ್ದು ಆಗಲೇ. ಕಣ್ಣೀರು ಕಿವಿಯ ಕಡೆ ಹರಿಯಿತು.

ಮುಗಿದ ಮೇಲೆ ಎರಡು ಚಿತ್ರ ತೋರಿಸಿದಳು. ಹಳೆಯ ವಿಧಾನದ್ದು ನೀರು ಬಿದ್ದು ಹರಡಿದ ಶಾಯಿಯಂತಿತ್ತು. ಹೊಸದರಲ್ಲಿ ಮಿದುಳಿನ ಮಡಿಕೆಗಳು ಕಾಣುತ್ತಿದ್ದವು, ಅಂಚಿನಲ್ಲಿ ಮಾತ್ರ ಮಸುಕು. "ಇನ್ನೂ ಸರಿ ಮಾಡ್ಬೇಕು. ಮತ್ತೆ ಬರ್ತೀರಾ?" ಅಂದಳು. ಬರುತ್ತೇನೆಂದೆ.

ಇದರಿಂದ ನನ್ನ ನಾಚಿಕೆ ಕಳೆಯಿತೆಂದು ತಿಳಿಯಬೇಡ. ಬಸ್ಸಿನಲ್ಲಿ ಪಕ್ಕದವರು ನನ್ನ ಕೈ ನೋಡಿದಾಗ ಕಿಟಕಿಯ ಕಡೆ ತಿರುಗಿ ಕೂತೆ. ಯಾರದೋ ಮಗಳಿಗೆ ತೋರಿಸಲು ಆದದ್ದನ್ನು ಸ್ವಂತ ಮಗಳಿಂದ ಮುಚ್ಚಿಟ್ಟೆನಲ್ಲ ಎಂಬ ನಾಚಿಕೆ ಬೇರೆ ಜೊತೆಗೆ ಸೇರಿಕೊಂಡಿದೆ.

ನಿನ್ನ ಮನೆ ನಗುನಗುತ್ತಿರಲಿ. ಪಾಪು ಹೊಟ್ಟೆತುಂಬ ಕುಡಿದು, ಕಣ್ತುಂಬ ನಿದ್ದೆ ಮಾಡಿ, ನಿನಗೂ ಒಂದಿಷ್ಟು ನಿದ್ದೆ ಮಾಡಲು ಬಿಡಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹೆರಿಗೆ ವಾರ್ಡಿನಲ್ಲಿ ನೀನು ಪಾಪುವನ್ನು ನನ್ನತ್ತ ಚಾಚಿ, "ಎತ್ಕೋ ಅಪ್ಪ" ಅಂದೆ. ನಾನು "ಆಮೇಲೆ ನೋಡೋಣ" ಎಂದು ಹೊರಗೆ ನಡೆದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಹೆಣ್ಣಾಯ್ತು ಅಂತ ಅಪ್ಪಂಗೆ ಇಷ್ಟ ಆಗ್ಲಿಲ್ಲ ಅಮ್ಮ" ಎಂದು ನೀನು ಅತ್ತದ್ದು ನನಗೆ ಕೇಳಿಸಿತು. ತಿರುಗಿ ಒಳಗೆ ಬಂದು ಹೇಳಬಹುದಿತ್ತು, ಹೇಳಲಿಲ್ಲ. ಕೈಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವನು ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡು ಗೋಡೆ ಹಿಡಿದು ನಿಂತೇ ಇದ್ದೆ. ನಿನ್ನ ಮಗಳು ನನಗೆ ಬೇಡವಾಗಿರಲಿಲ್ಲ, ಪುಟ್ಟಿ. ಬೀಳಿಸಿಬಿಡುತ್ತೇನೆಂದು ಹೆದರಿದ್ದೆ.