ಎತ್ತಿಗಿರುವ ಸೋಮವಾರ ಮೊಣಕೈಗೂ ಬೇಕು

ಗಡಿಭಾಗದ ಶಾಲಾ ಬೇಸ್‌ಬಾಲ್ ಸಂಘದ ಮಾನ್ಯ ಅಧ್ಯಕ್ಷರೇ,

ನೀವು ಕಪ್ ಗೆದ್ದಿರಿ, ಹದಿಮೂರು ವರ್ಷದ ನನ್ನ ಮಗಳು ಮನೀಷಾ ಬಲಗೈಯ ಬಲ ಕಳೆದುಕೊಂಡಳು. ಅಭಿನಂದನೆಗಳು. ಪತ್ರಿಕೆಯ ಚಿತ್ರದಲ್ಲಿ ನಿಮ್ಮ ಪಕ್ಕದಲ್ಲೇ ಬಲ ಮೊಣಕೈ ಹಿಡಿದುಕೊಂಡು ನಿಂತಿದ್ದಾಳೆ. ಅದನ್ನು ವಿನಯವೆಂದು ತಿಳಿದಿರಾ?

ದ್ರಾಕ್ಷಿ ತೋಟದಲ್ಲಿ ಕಲ್ಲೆಸೆದು ಗಿಳಿ ಓಡಿಸುತ್ತಿದ್ದ ಕೈಯನ್ನು ನೀವೇ ಮೆಚ್ಚಿ, ಚೆಂಡೆಸೆಯುವ ಪಿಚರ್ ಮಾಡಿದಿರಿ. ಅದಕ್ಕೆ ಋಣಿ. ಆದರೆ ಕೂಟದ ದಿನಗಳುದ್ದಕ್ಕೂ ಬೆಳಿಗ್ಗೆ ಕಿರಿಯರ ತಂಡಕ್ಕೆ, ಮಧ್ಯಾಹ್ನ ಹಿರಿಯರ ತಂಡಕ್ಕೆ ಅವಳೊಬ್ಬಳಿಂದಲೇ ಎಸೆಸಿದಿರಿ. "ಸರ್, ಮೊಣಕೈ ಭಾಳ ಸಿಡ್ಯಾಕತ್ತೈತ್ರಿ" ಎಂದಳು. ನೀವು ನೋವಿನ ಸ್ಪ್ರೇ ಹೊಡೆಸಿ, "ಇನ್ನೊಂದೀಟ ತಡಕೋ ಬೇ, ಹುಲಿ ಅದಿ ನೀ" ಎಂದಿರಿ. ಹುಲಿಗೆ ಗುಹೆಯಲ್ಲಿ ಮಲಗುವ ಹಕ್ಕಾದರೂ ಇದೆಯಲ್ಲ, ಸ್ವಾಮಿ?

ಮಿರಜದ ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು: "ಚೆಂಡ ಬರೇ ಕೈಲೆ ಒಗಿಯೂದಲ್ರಿ. ಕಾಲಾಗ ಹುಟ್ಟಿದ ಜೋರು ಸೊಂಟ, ಬೆನ್ನು, ಭುಜ ದಾಟಿ ಬೆರಳಿಗೆ ಬರತೈತಿ. ಕಾಲು, ಸೊಂಟ ದಣಿದ್ರ ಭಾರೆಲ್ಲಾ ಮೊಣಕೈ ಮ್ಯಾಲ. ಬೆಳಿಯೂ ಎಲುಬು ಮೆತ್ತಗ. ಕೀಲು ಹಿಡದಿರೂ ಪಟ್ಟಿ ಜಗ್ಗಿ ಜಗ್ಗಿ ಎಲುಬಿನ ಚೂರ ಕಿತ್ತ ಬಂದೈತಿ." ಆಪರೇಶನ್ ಆಯಿತು. ಕೈ ಇಂದಿಗೂ ಪೂರ್ತಿ ಮಡಚಲು ಬರುವುದಿಲ್ಲ, ಎತ್ತುವುದಕ್ಕೂ ಅವಳಿಗೆ ಭಯ. ಮಂಗಸೂಳಿಯ ಜಾತ್ರೆಯಲ್ಲಿ ಮಲ್ಲಯ್ಯನ ಮುಂದೆ ಎಲ್ಲರೂ ಭಂಡಾರ ಎರಚುವಾಗ, ಅವಳು ತನ್ನ ಮುಷ್ಟಿಯ ಅರಿಶಿನವನ್ನು ತಂಗಿಯ ಕೈಗೆ ಸುರಿದು "ನನ್ನ ಪಾಲಿಂದೂ ನೀನ ಒಗಿ" ಎಂದಳು. ನಾನು ಕಂಬದ ಮರೆಗೆ ಹೋಗಿ ಅತ್ತೆ.

ನಾವು ಓದು ಕಡಿಮೆಯವರು. ಆದರೂ ಎಂಥ ಹಂಗಾಮಿನಲ್ಲೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ; ಇಟ್ಟರೆ ಊರೇ ಉಗಿಯುತ್ತದೆ. ನಿಮ್ಮ ಪಂಚಾಂಗದಲ್ಲಿ ಸೋಮವಾರವೇ ಇಲ್ಲವೇ? ಈ ಆಟ ಬಂದ ದೇಶದಲ್ಲಿ ಮಕ್ಕಳು ದಿನಕ್ಕೆ ಎಷ್ಟು ಎಸೆಯಬಹುದು, ಆಮೇಲೆ ಎಷ್ಟು ದಿನ ಕೈಗೆ ಬಿಡುವು ಕೊಡಬೇಕು ಎಂಬ ಕಟ್ಟುಪಾಡು ಇದೆಯಂತೆ. ಚೆಂಡು ತಂದಿರಿ, ಬ್ಯಾಟು ತಂದಿರಿ, ಕಟ್ಟುಪಾಡನ್ನು ಮಾತ್ರ ಅಲ್ಲೇ ಬಿಟ್ಟು ಬಂದಿರಿ.

ಮನೀಷಾಳಿಗಾಗಿ ಏನನ್ನೂ ಕೇಳುತ್ತಿಲ್ಲ. ಮುಂದಿನ ತಿಂಗಳ ಕೂಟಕ್ಕೆ ಕುಡಚಿಯ ಸಪನಾಳನ್ನು ಎರಡೂ ತಂಡಗಳ ಪಿಚರ್ ಮಾಡಿದ್ದೀರಂತೆ. ಅವಳಿನ್ನೂ ಹನ್ನೆರಡರ ಹುಡುಗಿ. ಒಂದು ತಂಡದಿಂದ ಬಿಡಿಸಿ, ಕೈಗೆ ಬಿಡುವು ಕೊಡಿ, ನೋವೆಂದರೆ ನಂಬಿ. ನಿನ್ನೆ ನನ್ನ ಮಗಳು ಅವಳಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ನೋವಾದ್ರ ದೊಡ್ಡೋರಿಗೆ ಹೇಳಾಕ ಹೋಗಬ್ಯಾಡ. ಚೆಂಡ ಕೆಳಗಿಟ್ಟು ಮನಿಗೆ ಬಾ."

ಆ ಮಾತನ್ನು ಸುಳ್ಳು ಮಾಡಿ ತೋರಿಸಿ. ನನ್ನ ಬೇಡಿಕೆ ಇಷ್ಟೇ.

ಇಂತಿ,
ಮಗಳಿಗೆ ಜಡೆ ಹೆಣೆಯುವುದನ್ನು ಈ ವಯಸ್ಸಿನಲ್ಲಿ ಕಲಿತ ತಂದೆ,
ಶಿವರಾಜ, ಸತ್ತಿ