ಬೆಳ್ಳಕ್ಕಿಯ ಕಾಲು

ಸಾಗರ
25-9-2025, ಗುರುವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಕುಮುದಾ ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ಮಂಡಿ ನೋವು ಹೇಗಿದೆ? ಅರಳಸುರಳಿಯ ಮನೆಯ ಮೆಟ್ಟಿಲು ಎತ್ತರ, ಹತ್ತಿ ಇಳಿಯುವಾಗ ಸುಮನಾಳ ಹೆಗಲು ಹಿಡಿದುಕೊಳ್ಳಿ. ಮಗಳ ಮನೆಯಲ್ಲಿ ನಾಚಿಕೆ ಎಂಥದ್ದು? ಬಿ.ಪಿ. ಮಾತ್ರೆಯ ಡಬ್ಬಿಯನ್ನು ಇಲ್ಲೇ ಕಪಾಟಿನಲ್ಲಿ ಬಿಟ್ಟು ಹೋಗಿದ್ದಿರಿ. ನಿಮ್ಮ ಮಗ ಹೊಸನಗರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು, ತಲುಪಿತಲ್ಲ? ನಾನು ಫೋನ್ ಮಾಡಿದರೆ ನೀವು ತೆಗೆಯುವುದಿಲ್ಲ. ಅದಕ್ಕೇ ಈ ಕಾಗದ. ಮೊಮ್ಮಗಳು ಲಿಖಿತಾ ನಿಮಗೆ ಓದಿ ಹೇಳುತ್ತಾಳೆ. ಲಿಖಿತಾ, ಪುಟ್ಟಿ, ಅಜ್ಜಿಗೆ ಬೇಜಾರಾಗುತ್ತದೆಂದು ಯಾವ ಸಾಲನ್ನೂ ಹಾರಿಸಬೇಡ. ನಿನ್ನ ಈ ಕುಮುದತ್ತೆಯ ಮಾನ ಹೋದರೆ ಹೋಗಲಿ.

ಮೊನ್ನೆ ನಾನು ಜೆರಾಕ್ಸ್ ಅಂಗಡಿಯಲ್ಲಿದ್ದಾಗ ಲಿಖಿತಾ ಫೋನಿನಲ್ಲಿ ಹೇಳಿದಳು. ಚಿತ್ತಾರ ಬರೆಯುವ ನಿಮ್ಮ ಪುಂಡಿ ನಾರಿನ ಕುಂಚಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದಿರಂತೆ. ಇನ್ನು ಕುಂಚ ಮುಟ್ಟುವುದಿಲ್ಲ ಎಂದಿರಂತೆ. ಭೂಮಿ ಹುಣ್ಣಿಮೆಗೆ ಎರಡು ವಾರವೂ ಇಲ್ಲ, ಸುಮನಾ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ನಿಮ್ಮ ಮುಂದೆ ಇಟ್ಟರೆ, "ಹಾಳ್ ಮಾಡೋ ಕೈ ಇದು, ಬುಟ್ಟಿ ಮುಟ್ಸಬ್ಯಾಡ" ಎಂದು ಮುಖ ತಿರುಗಿಸಿದಿರಂತೆ. ಗಿರಾಕಿಯೊಬ್ಬರು ಆಧಾರ್ ಜೆರಾಕ್ಸ್ ಕೇಳುತ್ತಾ ನಿಂತಿದ್ದರು, ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ. ಮಾವ ತೀರಿಕೊಂಡ ವರ್ಷವೂ ಬುಟ್ಟಿ ಬರೆದವರು ನೀವು. ಪಕ್ಕದ ಮೂರು ಮನೆಯವರು ತಮ್ಮ ಬುಟ್ಟಿಯನ್ನೂ ನಿಮ್ಮ ಮುಂದೆ ತಂದಿಟ್ಟು, ಬರೆದು ಮುಗಿಯುವ ತನಕ ಕಾಯುತ್ತಿದ್ದರು. ಆ ಕೈಗೆ ನೀವೇ ಹೀಗೆ ಹೆಸರಿಟ್ಟಿರಲ್ಲ. ಇಲ್ಲ, ನೀವಲ್ಲ, ನಾನು ಇಟ್ಟ ಹೆಸರು ಅದು.

ಸುಮನಾಳಿಗೆ ಪೂರ್ತಿ ವಿಷಯ ಗೊತ್ತಿಲ್ಲ, ನೀವು ಹೇಳಿರಲಾರಿರಿ. ಅವಳೂ ಕೇಳಿಸಿಕೊಳ್ಳಲಿ ಎಂದು ಮೊದಲಿನಿಂದ ಬರೆಯುತ್ತೇನೆ. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಮೇ ತಿಂಗಳಿನಲ್ಲಿ ಕೃಷ್ಣಪ್ರಸಾದ್ ಸರ್ ಒಂದು ನೋಟೀಸು ಟೈಪ್ ಮಾಡಿಸಲು ಬಂದರು. ಅವರು ಸಿಂಗಾಪುರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಇದ್ದು ಊರಿಗೆ ಮರಳಿದವರು. ಅಲ್ಲಿ ಪಕ್ಕದ ಮನೆಯ ಚೀನೀ ಮುದುಕರೊಬ್ಬರು ಅವರಿಗೆ ಕುಂಚ ಹಿಡಿಯಲು ಕಲಿಸಿದ್ದರಂತೆ. "ಚೀನೀ ಮಸಿ ಚಿತ್ರ ಕಲಿಸಲಾಗುವುದು, ಪ್ರತಿ ಭಾನುವಾರ" ಎಂದು ನಾನೇ ಟೈಪ್ ಮಾಡಿ, ನಾನೇ ಮೊದಲ ಹೆಸರು ಕೊಟ್ಟೆ. ನೀವು ಎಷ್ಟು ನಕ್ಕಿರಿ! "ಮನೇಲಿ ಚಿತ್ತಾರ ಇದ್ದೂ ಚೀನಾಕ್ ಹೋದ್ಲಂತೆ ನಮ್ಮ ಕುಮುದಾ" ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಿರಿ. ನಾನು ಮಸಿಕಡ್ಡಿಯನ್ನು ನೀರು ಹಾಕಿ ಕಲ್ಲಿನ ಮೇಲೆ ತೇಯಲು ಕೂತರೆ, "ದೇವ್ರಿಗೆ ಒಂದ್ ದಿನ ಗಂಧ ತೇಯ್ದೋಳಲ್ಲ" ಎಂದು ಚುಚ್ಚುತ್ತಿದ್ದಿರಿ. ಆದರೂ ಮಸಿಯ ಬಟ್ಟಲು ತೊಳೆದಿಡುತ್ತಿದ್ದವರು ನೀವೇ.

ಆ ಚಿತ್ರದ ದಾರಿಯೇ ಬೇರೆ ಅತ್ತೆ. ಗೋಡೆಗೆ ಬರೆಯುವ ನಮ್ಮ ಹಸೆ ಚಿತ್ತಾರದಲ್ಲಿ ಗೋಡೆ ಗಟ್ಟಿ, ಅಕ್ಕಿ ಹಿಟ್ಟಿನ ಬಿಳಿ ಗಟ್ಟಿ, ಗೆರೆ ತೆಳುವಾದರೆ ಒಣಗಿದ ಮೇಲೆ ಇನ್ನೊಮ್ಮೆ ಎಳೆದರಾಯಿತು. ಅಲ್ಲಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಕುಂಚ ತಾಗಿದ ಕೂಡಲೇ ಕುಡಿದುಬಿಡುತ್ತದೆ. ಒಂದು ಕ್ಷಣ ಕೈ ನಿಂತರೆ ಅಲ್ಲೇ ಮಸಿ ಹಬ್ಬಿ ಕಲೆಯಾಗುತ್ತದೆ. ಎಳೆದ ಗೆರೆಯ ಮೇಲೆ ಮತ್ತೆ ಎಳೆಯುವ ಹಾಗಿಲ್ಲ. ನೀರು ಹೆಚ್ಚು ಮಾಡಿದರೆ ಹೊಗೆಯ ಹಾಗೆ ತೆಳ್ಳಗಿನ ಬೂದು ಬಣ್ಣ ಬರುತ್ತದೆ, ಅದರಿಂದಲೇ ಮಂಜು, ಅದರಿಂದಲೇ ದೂರದ ಗುಡ್ಡ. ಎರಡು ತಿಂಗಳು ನಾನು ಬರೆದದ್ದೆಲ್ಲ ಕೊಳೆತ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ಭಾನುವಾರ ಬಿದಿರಿನ ಒಂದೇ ಒಂದು ಎಲೆ ಸರಿಯಾಗಿ ಬಂತು. ಮನೆಗೆ ಬರುವವರೆಗೂ ಆ ಎಲೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಬಂದೆ. ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಮನೆಗೆ ಬಂದು ಹತ್ತೊಂಬತ್ತು ವರ್ಷವಾಯಿತು, ಹಸೆಯಲ್ಲಿ ನೀವು ನನಗೆ ಬಿಟ್ಟದ್ದು ಅಂಚಿನ ಗೆರೆ ಮಾತ್ರ. ನಡುವಿನದು ಯಾವಾಗಲೂ ನಿಮ್ಮದು. ಈ ಬಿದಿರಿನ ಎಲೆ ಪೂರ್ತಿ ನನ್ನದಾಗಿತ್ತು.

ಈ ತಿಂಗಳ ಮೊದಲ ವಾರ ಸರ್ ತಮ್ಮ ಗುರುಗಳು ಬರೆದ ಚಿತ್ರವನ್ನು ನನ್ನ ಕೈಗೆ ಕೊಟ್ಟರು. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ವಾರ, ಮನೆಯಲ್ಲಿಟ್ಟು ನೋಡಬೇಕು, ನೋಡಿ ನೋಡಿ ಬೇರೆ ಕಾಗದದಲ್ಲಿ ಬರೆಯಬೇಕು, ಅವರ ಪಾಠವೇ ಹಾಗೆ. ಆ ಮುದುಕರು ಈಗ ಇಲ್ಲ, ಅವರದೆಂದು ಸರ್ ಹತ್ತಿರ ಇರುವುದು ಅದೊಂದೇ. ಒಂದು ಮೂಲೆಯಲ್ಲಿ ನೀರಿನಲ್ಲಿ ನಿಂತ ಬೆಳ್ಳಕ್ಕಿ. ಉಳಿದದ್ದೆಲ್ಲ ಖಾಲಿ. ನೀವು ಮಂಡಿ ಹಿಡಿದುಕೊಂಡು ಬಗ್ಗಿ ನೋಡಿ, "ಎಂತದೇ ಇದು, ಇಷ್ಟ್ ಜಾಗ ಖಾಲಿ ಬಿಟ್ಟಾನಲ್ಲ ಆ ಮಾರಾಯ! ಮಸಿ ಖರ್ಚಾಗಿತ್ತಾ?" ಎಂದಿರಿ. ಖಾಲಿಯೇ ನೀರು, ಖಾಲಿಯೇ ಆಕಾಶ ಎಂದು ನಾನು ದೊಡ್ಡ ಪಂಡಿತೆಯ ಹಾಗೆ ವಿವರಿಸಿದೆ. ನೀವು ನಂಬಲಿಲ್ಲ.

ಆ ವಾರದ ಶುಕ್ರವಾರ ಮಧ್ಯಾಹ್ನ ಊಟಕ್ಕೆಂದು ಬಂದವಳು ಬಾಗಿಲಲ್ಲೇ ನಿಂತೆ. ಮೇಜಿನ ಮೇಲಿನ ಆ ಚಿತ್ರದ ತುಂಬ ನಿಮ್ಮ ಚಿತ್ತಾರ! ನನ್ನ ಮಸಿಯ ಬಟ್ಟಲಿಗೆ ನಿಮ್ಮ ನಾರಿನ ಕುಂಚ ಅದ್ದಿ, ಬೆಳ್ಳಕ್ಕಿಯ ಬುಡದಿಂದ ಹಿಡಿದು ಆಕಾಶದವರೆಗೆ ಚೌಕ, ಅಡ್ಡಗೆರೆ, ಏಣಿ ಎಲ್ಲ ತುಂಬಿಸಿದ್ದಿರಿ. ಹಕ್ಕಿಯ ಕತ್ತು ಮಾತ್ರ ಮೇಲೆ ಕಾಣುತ್ತಿತ್ತು, ಜಾತ್ರೆಯಲ್ಲಿ ಸಿಕ್ಕಿಬಿದ್ದವರ ಹಾಗೆ. ನೀವು ಕುಂಚ ತೊಳೆಯುತ್ತಾ, "ಮುಗ್ಸಿದೀನಿ ಕಣೇ, ಈಗ ನೋಡು" ಎಂದಿರಿ, ಊಟ ಬಡಿಸಿದೀನಿ ಎಂದಷ್ಟೇ ಸಲೀಸಾಗಿ.

ಆಗ ನನ್ನ ಬಾಯಿಂದ ಬಂದದ್ದನ್ನೂ ಬಿಡುವುದಿಲ್ಲ. ಬರೆಯುತ್ತೇನೆ. "ಹಾಳ್ ಮಾಡೋ ಕೈ ನಿಮ್ದು, ಸೇದಿ ಹೋಗ್ಲಿ" ಎಂದೆ. ಅತ್ತೆಗೆ ಅಂದೆ. ನನಗೆ ಬಾಣಂತನ ಮಾಡಿದ ಕೈಗೆ ಅಂದೆ. ನಿಮ್ಮ ಮಗ ಒಳಗಿನಿಂದ ಓಡಿ ಬಂದರು, ಅವರ ಎದುರೂ ಇನ್ನೊಮ್ಮೆ ಅಂದೆ. ಒಂದಕ್ಕೆ ಹತ್ತು ಉತ್ತರ ಕೊಡುವ ನೀವು ಸುಮ್ಮನೆ ಕುಂಚ ಹಿಡಿದು ನಿಂತದ್ದು ನೋಡಿ ನನಗೆ ಇನ್ನಷ್ಟು ರೇಗಿತು. ಮರುದಿನ ಬೆಳಿಗ್ಗೆ ನಾನು ಏಳುವುದರೊಳಗೆ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇ ಹೋಗಿದ್ದಿರಿ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ನೀವೇ ಹೇಳುತ್ತಿದ್ದಿರಿ, ನಾನು ಕಿವಿಗೆ ಹಾಕಿಕೊಂಡವಳಲ್ಲ.

ಭಾನುವಾರ ಚಿತ್ರವನ್ನು ಸರ್ ಹತ್ತಿರ ಒಯ್ದೆ. ನಮ್ಮ ಅತ್ತೆ ಹೀಗೆ ಮಾಡಿಬಿಟ್ಟರು ಸರ್ ಎಂದು ಎಲ್ಲರೆದುರು ಕಣ್ಣೀರು ಹಾಕಿದೆ. ಕ್ಲಾಸಿನವರೆಲ್ಲ ಪಾಪ ಪಾಪ ಎಂದು ನೀರು ಕೊಟ್ಟರು. ಸರ್ ಮುಖ ಸುಣ್ಣವಾಯಿತು. ನಿಮ್ಮ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. "ನಿಮ್ಮ ಅತ್ತೆಗೆ ಎಷ್ಟು ವಯಸ್ಸಮ್ಮಾ?" ಎಂದು ಕೇಳಿದರು. ಅರವತ್ತೆಂಟು ಎಂದೆ. "ಕೈ ಒಂದು ಕಡೇನೂ ನಡುಗಿಲ್ಲ" ಎಂದಷ್ಟೇ ಹೇಳಿ ಸುರುಳಿ ಸುತ್ತಿ ಒಳಗಿಟ್ಟು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಚಿತ್ರ ಹಾಳಾಯಿತೆಂದು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಖಾಲಿ ಜಾಗ ನೋಡಿ ತಡೆಯಲಾಗದೆ ತುಂಬಿದಿರಿ, ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ ಎಂದು ನನಗೂ ಗೊತ್ತು, ನಿಮ್ಮ ಮಗನಿಗೂ ಗೊತ್ತು. ನನ್ನ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಬುಟ್ಟಿ ಬರೆಯಿರಿ. ಅಲ್ಲಿಯಾದರೂ ಬರೆಯಿರಿ, ಇಲ್ಲಿಗೆ ಬಂದಾದರೂ ಬರೆಯಿರಿ. ಹೊಸ ಪುಂಡಿ ನಾರು ತರಿಸಿದ್ದೇನೆ.

ಸುಮನಾಳಿಗೂ ಅವಳ ಯಜಮಾನರಿಗೂ ನಮಸ್ಕಾರ ತಿಳಿಸಿ. ಲಿಖಿತಾಳಿಗೆ ಮುದ್ದು. ನಿಮ್ಮ ಮಗ ದಿನಾ ಸಂಜೆ ನಿಮ್ಮ ಮಂಚದ ಮೇಲೆ ಕೂತು ಟೀ ಕುಡಿಯುತ್ತಾರೆ, ನನ್ನ ಜೊತೆ ಹೆಚ್ಚು ಮಾತಿಲ್ಲ. ನಿಮ್ಮ ಆಶೀರ್ವಾದ ನನಗೆ ಇನ್ನೂ ಉಳಿದಿದ್ದರೆ ಅದನ್ನೇ ಕೇಳುತ್ತೇನೆ.

ಇಂತಿ ನಿಮ್ಮ ಸೊಸೆ,
ಕುಮುದಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಂಗಡಿಯಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಲಕೋಟೆ ಅಂಟಿಸುವುದರೊಳಗೆ ಸರ್ ಬಂದರು. ಆ ಚಿತ್ರದ ಕಲರ್ ಕಾಪಿ ಬೇಕು, ನಿಮ್ಮ ಕೈಯ ಗೆರೆಗಳನ್ನು ಕ್ಲಾಸಿನವರಿಗೆ ತೋರಿಸಬೇಕು ಎಂದರು. ಜೆರಾಕ್ಸ್ ಯಂತ್ರದ ಗಾಜಿನ ಮೇಲಿಟ್ಟೆ, ಮುಚ್ಚಳ ಹಾಕುವ ಮೊದಲೇ ಕೆಳಗಿನಿಂದ ಬೆಳಕು ಹಾಯ್ದಿತು. ನಿಮ್ಮ ಚೌಕಗಳ ಅಡಿಯಲ್ಲಿ ಬೆಳ್ಳಕ್ಕಿಯ ಕಾಲಿನ ಹತ್ತಿರ ಗುಂಡಗಿನ ಕರಿ ಕಲೆ ಎದ್ದು ಕಂಡಿತು. ಅದು ನನ್ನ ಕಲೆ ಅತ್ತೆ. ನೀವು ಚಿತ್ತಾರ ಬರೆದ ಹಿಂದಿನ ದಿನ, ಗುರುವಾರ ಸಂಜೆ, ನೋಡಿ ಬರೆಯಲು ಸೋಮಾರಿತನವಾಗಿ ಆ ಚಿತ್ರದ ಮೇಲೇ ನನ್ನ ಕಾಗದ ಹಾಸಿ ಗೆರೆ ಎಳೆದೆ. ಮಸಿ ಸೋರಿ ಕೆಳಗಿನ ಕಾಲಿಗೆ ತಾಗಿತು. ಹಸೆಯಲ್ಲಿ ತಿದ್ದುವ ಹಾಗೆ ಅದರ ಮೇಲೆ ಇನ್ನೊಂದು ಗೆರೆ ಎಳೆದೆ, ಮತ್ತೂ ಒಂದು ಎಳೆದೆ, ಅಡಿಕೆಯಷ್ಟು ದಪ್ಪ ಹಬ್ಬಿತು. ಯಾರಿಗೂ ಹೇಳದೆ ಮಲಗಿದೆ. ಮರುದಿನ ನಿಮ್ಮ ಚಿತ್ತಾರ ನೋಡಿ ಕಿರುಚಿದೆನಲ್ಲ, ಆ ಕಿರುಚಾಟದೊಳಗೆ ಸದ್ಯ ಬಚಾವಾದೆ ಎಂಬ ಸಮಾಧಾನವೂ ಇತ್ತು.

ಸರ್ ಬೆರಳಿಟ್ಟು ತೋರಿಸಿದರು. ನಿಮ್ಮ ಮೊದಲ ಗೆರೆ ಶುರುವಾಗಿದ್ದೇ ಆ ಕಲೆಯಿಂದ. ಅದನ್ನು ಕರಿ ಚೌಕ ಮಾಡಿ, ಆ ಒಂದೇ ಚೌಕ ಎದ್ದು ಕಾಣಬಾರದೆಂದು ಸುತ್ತ ಅಂಥವೇ ನೂರು ಬರೆದಿದ್ದೀರಿ. ಹಸೆ ಗೋಡೆಯ ಮುಂದೆ ಒಬ್ಬಳ ಕೈ ತಪ್ಪಿದರೆ ಪಕ್ಕದವಳು ತುಟಿ ಬಿಚ್ಚದೆ ಅದರ ಮೇಲೆ ಬರೆದು ಮುಚ್ಚುತ್ತಾಳೆ, ಯಾರ ಕೈ ತಪ್ಪಿತೆಂದು ಸಾಯುವವರೆಗೂ ಹೇಳುವುದಿಲ್ಲ. ನೀವು ಖಾಲಿ ತುಂಬಿದ್ದಲ್ಲ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮಗನ ಎದುರು ನಿಂತು ನನ್ನ ಶಾಪ ಕೇಳಿಸಿಕೊಂಡಿರಿ. ಸರ್‌ಗೆ ಈಗಷ್ಟೇ ಹೇಳಿದೆ, ನಿಮ್ಮ ಮಗನಿಗೆ ಸಂಜೆ ಹೇಳುತ್ತೇನೆ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ ಅತ್ತೆ. ಕ್ಷಮಿಸುವುದು ಆಮೇಲೆ. ಮೊದಲು ಬೈಯಿರಿ.